ಅಗ್ಗದ ಬಾಬರ್ ಬೈಕು: ಕತ್ತರಿಸುವ ಮೊದಲು ಬಿಗಿ ಮಾಡಿ

ಪ್ರಶ್ನೆ: ಸರ್, ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಬಾಬರ್, ಅಂದರೆ ಮೈಮೇಲೆ ಹೆಚ್ಚು ಸಾಮಾನಿಲ್ಲದ ತಗ್ಗು ಶೈಲಿಯ ಬೈಕು, ಕೊಂಡೆ. 230 ಸಿಸಿ ಆಸುಪಾಸಿನ ಸಿಂಗಲ್ ಸಿಲಿಂಡರ್, ಏರ್ ಕೂಲ್ಡ್, ಕಾರ್ಬುರೇಟರ್ ಗಾಡಿ. ಆರು ಸಾವಿರ ಕಿಲೋಮೀಟರ್ ಓಡಿದೆ. ನೋಡಲು ಚೆಂದ, ಬೆಲೆಯೂ ಕಮ್ಮಿ. ಆದರೆ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದಾಗ ಮಿಸ್ಸಿಂಗ್ ಹೊಡೆಯುತ್ತದೆ. ಬಿಟ್ಟಾಗ ಸೈಲೆನ್ಸರ್ ಪಟ್ ಪಟ್ ಅಂತ ಸಿಡಿಯುತ್ತದೆ. ಎರಡು ಬೋಲ್ಟು ದಾರಿಯಲ್ಲೇ ಉದುರಿಹೋದವು. ಹಿಂದಿನ ಮಡ್‌ಗಾರ್ಡ್ ಕತ್ತರಿಸಬೇಕು, ಗಿಡ್ಡ ಸೈಲೆನ್ಸರ್, ಕಾರ್ಬುರೇಟರ್ ಬಾಯಿಗೇ ನೇರ ಕೂರುವ ಪಾಡ್ ಫಿಲ್ಟರ್ ಹಾಕಬೇಕು, ಹಿಂಭಾಗ ಇನ್ನಷ್ಟು ತಗ್ಗಿಸಬೇಕು ಅಂತ ನನ್ನ ಆಸೆ. ಬಿಗ್ ಬೋರ್ ಕಿಟ್ (ದೊಡ್ಡ ಪಿಸ್ಟನ್, ಅಗಲ ಸಿಲಿಂಡರ್) ಹಾಕಿದರೆ ಸ್ಪೀಡ್ ಬರುತ್ತದೆ ಅಂತಲೂ ಹೇಳುತ್ತಾರೆ. ಗೆಳೆಯರು ಮಾತ್ರ "ಆ ಡಬ್ಬಾ ಮಾರಿಬಿಡು" ಅನ್ನುತ್ತಾರೆ. ನನ್ನ ಹತ್ತಿರ ಇರುವುದು ಒಂದು ಸ್ಪ್ಯಾನರ್ ಸೆಟ್, ಅಷ್ಟೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಮಾರಬೇಡಿ. ಕತ್ತರಿಸಲೂ ಬೇಡಿ, ಸದ್ಯಕ್ಕೆ. ನಿಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಮಾಡಬಹುದಾದ ಕೆಲಸಗಳೇ, ಒಂದೆರಡನ್ನು ಬಿಟ್ಟು. ಆದರೆ ಅನುಕ್ರಮ ತಲೆಕೆಳಗಾಗಿದೆ. ಮಿಸ್ಸಿಂಗ್ ಹೊಡೆಯುವ ಇಂಜಿನ್‌ಗೆ ಗಿಡ್ಡ ಸೈಲೆನ್ಸರ್ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ. ಆಮೇಲೆ ಮಿಸ್ಸಿಂಗ್ ಹಳೆಯದೋ, ನೀವು ಹೊಸದಾಗಿ ತಂದುಕೊಂಡದ್ದೋ ಗೊತ್ತೇ ಆಗುವುದಿಲ್ಲ. ಮೊದಲು ಗಾಡಿ ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೆ ಸರಿಯಾಗಿ ಓಡಲಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ.

ಈ ಇಂಜಿನ್‌ಗಳ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಗೆಳೆಯರ ಡಬ್ಬಾ ಮಾತು ಅಷ್ಟಾಗಿ ಚುಚ್ಚುವುದಿಲ್ಲ. ಅಗ್ಗದ ಸಣ್ಣ ಬಾಬರ್‌ಗಳಲ್ಲಿ ಹಲವಕ್ಕೆ ಇರುವುದು ಹೋಂಡಾ ಸಿಜಿ125ರ ವಂಶದ ಇಂಜಿನ್. ಅದು ಬಂದದ್ದು 1976ರಲ್ಲಿ. ಜನ ಆಯಿಲ್ ಬದಲಿಸದೆ, ವಿಪರೀತ ಭಾರ ಹೇರಿ ಗಾಡಿ ಓಡಿಸುವುದನ್ನು ನೋಡಿ, ಅಂಥ ಕೈಗಳಲ್ಲೂ ಬದುಕಿ ಉಳಿಯಲಿ ಅಂತಲೇ ಮಾಡಿದ ವಿನ್ಯಾಸ ಅದು. ವಾಲ್ವ್ ತೆರೆಸುವ ಉಬ್ಬಿನ ದಂಡಕ್ಕೆ ಕ್ಯಾಮ್ ಅನ್ನುತ್ತಾರೆ. ಅದನ್ನು ತಿರುಗಿಸುವ ಕ್ಯಾಮ್ ಚೈನೇ ಈ ಇಂಜಿನ್‌ನಲ್ಲಿ ಇಲ್ಲ. ಕ್ಯಾಮ್ ಕೆಳಗೆ ಗೇರಿನಿಂದ ತಿರುಗುತ್ತದೆ, ಪುಶ್‌ರಾಡ್ ಎಂಬ ಎರಡು ಉದ್ದ ಕಡ್ಡಿಗಳು ಮೇಲಿನ ವಾಲ್ವ್‌ಗಳನ್ನು ಆಡಿಸುತ್ತವೆ. ಅದನ್ನೇ ದೊಡ್ಡದು ಮಾಡಿ 200, 229 ಸಿಸಿವರೆಗೆ ಎಳೆದಿದ್ದಾರೆ. ಕ್ಲೀವ್‌ಲ್ಯಾಂಡ್ ಸೈಕಲ್‌ವರ್ಕ್ಸ್ ಕಂಪನಿಯ ಹೈಸ್ಟ್ ಎಂಬ ಬಾಬರ್‌ನಲ್ಲಿ ಇದ್ದದ್ದು ಇಂಥದ್ದೇ 229 ಸಿಸಿ ಇಂಜಿನ್. ನಿಮ್ಮದು ಪುಶ್‌ರಾಡೋ ಅಲ್ಲವೋ ಅಂತ ತಿಳಿಯಲು ಮ್ಯಾನುವಲ್ ನೋಡಿ. ಹೌದಾದರೆ ನಿಮ್ಮ ಅದೃಷ್ಟ. ಭಾಗಗಳು ಸಿಗುತ್ತವೆ, ರಿಪೇರಿ ಸುಲಭ, ತಪ್ಪು ಮಾಡಿದರೂ ಕ್ಷಮಿಸುತ್ತದೆ.

ಕ್ಷಮಿಸದೆ ಇರುವುದು ಇಂಜಿನ್ ಸುತ್ತ ಇರುವ ಸಾಮಾನು. ಅಗ್ಗದ ಗಾಡಿಯಲ್ಲಿ ದುಡ್ಡು ಉಳಿಸಿರುವುದು ಬೋಲ್ಟು, ವೈರಿಂಗ್ ಕನೆಕ್ಟರ್, ರಬ್ಬರ್, ಬೇರಿಂಗ್ ಮತ್ತು ಟೈರುಗಳಲ್ಲಿ. ನಿಮ್ಮ ಮೊದಲ ಭಾನುವಾರ ಪೂರ್ತಿ ಅಲ್ಲಿಗೇ ಹೋಗಲಿ.

ಬೋಲ್ಟುಗಳಿಂದ ಶುರು ಮಾಡೋಣ. ಸಿಂಗಲ್ ಸಿಲಿಂಡರ್ ಗಾಡಿ ನಡುಗುವುದು ಸಹಜ. ಆ ನಡುಕಕ್ಕೆ ಬೋಲ್ಟು ಸಡಿಲವಾಗುವುದೂ ಸಹಜ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ಪ್ರತಿಯೊಂದಕ್ಕೂ ಸ್ಪ್ಯಾನರ್ ಹಾಕಿ ನೋಡಿ. ಹಾಗಂತ ಮೈಮೇಲೆ ಬಂದವರ ಹಾಗೆ ಬಿಗಿಯಬೇಡಿ. ಅಲ್ಯೂಮಿನಿಯಂ ಒಳಗೆ ಹೋಗುವ 6 ಮಿಮೀ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಸಣ್ಣ ಸ್ಪ್ಯಾನರನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಷ್ಟು ಬಲ ಅದು. 8 ಮಿಮೀಗೆ 20ರಿಂದ 25. ಇದಕ್ಕಿಂತ ಜಾಸ್ತಿ ಕೊಟ್ಟರೆ ಥ್ರೆಡ್ ಕಿತ್ತು ಬರುತ್ತದೆ. ಆಗ ಅಲ್ಲಿ ಕೊರೆದು ಹೊಸ ಥ್ರೆಡ್ಡಿನ ಸುರುಳಿ ಕೂರಿಸಬೇಕು. ಬಿಗಿಯುವ ಬಲವನ್ನು ಅಳೆದು ತೋರಿಸುವ ಒಂದು ಟಾರ್ಕ್ ರೆಂಚ್ ಕೊಳ್ಳಿ. ಆ ಗಿಡ್ಡ ಸೈಲೆನ್ಸರ್‌ಗಿಂತ ಮೊದಲು.

ಸಡಿಲವಾಗಿ ಸಿಕ್ಕ ಬೋಲ್ಟನ್ನು ಪೂರ್ತಿ ಬಿಚ್ಚಿ, ಒರೆಸಿ, ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಕೂರಿಸಿ. ನೀಲಿಯೇ ಇರಲಿ. ಕೆಂಪನ್ನು ಹಾಕಿದರೆ ಮುಂದೆ ಬಿಚ್ಚಲು ಬೆಂಕಿ ಕಾಯಿಸಬೇಕಾಗುತ್ತದೆ. ಕೂರಿಸಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ವಾರ ಗೆರೆ ಎರಡು ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ ಅಂತ ಅರ್ಥ. ಹೊರಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದರೆ ಸಾಕು, ಸ್ಪ್ಯಾನರ್ ಮುಟ್ಟುವುದೇ ಬೇಡ. ಹೊಸ ಬೋಲ್ಟು ತರುವಾಗ ತಲೆಯ ಮೇಲೆ ಗಟ್ಟಿತನದ ಗುರುತಾದ 8.8 ಅಂತ ಇದೆಯಾ ನೋಡಿ. ಏನೂ ಬರೆದಿಲ್ಲದ ಹೊಳೆಯುವ ಬೋಲ್ಟನ್ನು ಬ್ರೇಕ್, ಆಕ್ಸಲ್, ಶಾಕ್ ಅಬ್ಸಾರ್ಬರ್ ಹತ್ತಿರ ತರಬೇಡಿ.

ಇನ್ನೊಂದು ಮಾತು. ಕಾರ್ಬುರೇಟರ್ ಮೇಲಿನ ಪ್ಲಸ್ ಸ್ಕ್ರೂಗಳು ನೋಡಲು ಸಾಮಾನ್ಯ ಪ್ಲಸ್ ಥರವೇ ಇರುತ್ತವೆ. ಆದರೆ ಎಷ್ಟೋ ಗಾಡಿಗಳಲ್ಲಿ ಅವು ಜಪಾನಿ ಅಳತೆಯವು. ಸಾಮಾನ್ಯ ಸ್ಕ್ರೂ ಡ್ರೈವರ್ ಪೂರ್ತಿ ಆಳಕ್ಕೆ ಕೂರದೆ ಮೇಲೆದ್ದು ಜಾರುತ್ತದೆ, ತಲೆ ಸವೆದು ಬಟ್ಟಲಾಗುತ್ತದೆ. ಮೊದಲ ಗಾಡಿಯಲ್ಲಿ ನಾಲ್ಕಕ್ಕೆ ನಾಲ್ಕೂ ಸ್ಕ್ರೂ ಹಾಳು ಮಾಡಿಕೊಂಡವನು ನಾನು. ಜೆಐಎಸ್ ಅಂತ ಕೇಳಿದರೆ ಸರಿಯಾದ ಡ್ರೈವರ್ ಸಿಗುತ್ತದೆ. ಅದನ್ನು ಬಲವಾಗಿ ಒತ್ತಿ ಹಿಡಿದು ಆಮೇಲೆ ತಿರುಗಿಸಿ.

ಈಗ ಮಿಸ್ಸಿಂಗ್. ನೀವು ಬರೆದ ಎರಡು ಲಕ್ಷಣಗಳೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಆಕ್ಸಿಲರೇಟರ್ ಸ್ವಲ್ಪವೇ ತಿರುಗಿಸಿದಾಗ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಕಾರ್ಬುರೇಟರ್‌ನಲ್ಲಿ ಕೆಲಸ ಹಂಚಿಕೆಯಾಗಿದೆ. ಜೆಟ್ ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು. ಐಡ್ಲಿಂಗ್‌ನಿಂದ ಎಂಟನೇ ಒಂದು ಭಾಗ ತೆರೆಯುವವರೆಗೆ ಸ್ಲೋ ಜೆಟ್ ಮತ್ತು ಮಿಕ್ಸ್ಚರ್ ಸ್ಕ್ರೂ ನೋಡಿಕೊಳ್ಳುತ್ತವೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಒಳಗೆ ಏರಿಳಿಯುವ ನೀಡಲ್ ಎಂಬ ಸೂಜಿ. ಅಲ್ಲಿಂದ ಮುಂದೆ ಮೇನ್ ಜೆಟ್. ಹ್ಯಾಂಡಲ್ ಗ್ರಿಪ್ ಮೇಲೆ ಒಂದು ಟೇಪ್ ತುಂಡು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕಿ ಓಡಿಸಿ. ತೊಂದರೆ ಯಾವ ಗೆರೆಯ ಹತ್ತಿರ ಬರುತ್ತದೆ ಅಂತ ಗೊತ್ತಾದರೆ ಯಾವ ಭಾಗ ಬಿಚ್ಚಬೇಕು ಅಂತಲೂ ಗೊತ್ತಾಗುತ್ತದೆ. ಮಿಸ್ಸಿಂಗ್ ಅಂದ ಕೂಡಲೇ ಮೇನ್ ಜೆಟ್ ಬದಲಿಸುವವರು ತುಂಬ ಜನ ಇದ್ದಾರೆ. ಅದು ಹಲ್ಲು ನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ಕಾರ್ಬುರೇಟರ್ ಬಿಚ್ಚುವ ಮೊದಲೇ ಎರಡು ಜಾಗ ನೋಡಿ. ಒಂದು, ಕಾರ್ಬುರೇಟರ್‌ಗೂ ಸಿಲಿಂಡರ್ ಹೆಡ್‌ಗೂ ನಡುವೆ ಇರುವ ರಬ್ಬರ್ ಕೊಳವೆ. ಸುಮ್ನೆ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬಿಚ್ಚಿ, ಎರಡು ಕೈಯಲ್ಲಿ ಹಿಡಿದು ಬಾಗಿಸಿ. ಬೆಳಕಿಗೆ ಹಿಡಿದಾಗ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತದೆ. ಅದೇ ಜಾಗದಿಂದ ಇಂಜಿನ್ ಕಳ್ಳಗಾಳಿ ಎಳೆದುಕೊಳ್ಳುತ್ತಿರುತ್ತದೆ. ಬಿಚ್ಚದೆ ಪರೀಕ್ಷಿಸಬೇಕೆಂದರೆ, ಐಡ್ಲಿಂಗ್‌ನಲ್ಲಿ ಬಿಟ್ಟು, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಆ ರಬ್ಬರ್ ಮೇಲೆ ಸಣ್ಣಗೆ ನೀರು ಹೊಡೆಯಿರಿ. ಇಂಜಿನ್ ಶಬ್ದ ಬದಲಾದರೆ ಕಳ್ಳ ಸಿಕ್ಕ. ಕೆಲವರು ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಬಿಸಿ ಇಂಜಿನ್ ಪಕ್ಕ ಅದು ಬೇಡ. ಎರಡು, ಸೈಲೆನ್ಸರ್ ಪೈಪು ಹೆಡ್‌ಗೆ ಸೇರುವ ಜಾಗದ ಗ್ಯಾಸ್ಕೆಟ್. ಅಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ಪೈಪಿನ ಒಳಗೆ ಹೋಗಿ, ಸುಡದೆ ಉಳಿದ ಪೆಟ್ರೋಲ್ ಆವಿಯನ್ನು ಹೊತ್ತಿಸುತ್ತದೆ. ನಿಮ್ಮ ಪಟ್ ಪಟ್ ಅದೇ ಇರಬಹುದು. ಜೋಡಣೆಯ ಸುತ್ತ ಕಪ್ಪು ಮಸಿ ಕಂಡರೆ ಸಂಶಯವೇ ಬೇಡ, ಹೊಸ ಗ್ಯಾಸ್ಕೆಟ್ ಹಾಕಿ.

ಎರಡೂ ಸರಿ ಇದ್ದರೆ ಸ್ಲೋ ಜೆಟ್. ಕೀಹಿನ್ ಕಂಪನಿಯ ಮಾದರಿಯ ಕಾರ್ಬುರೇಟರ್ ಆಗಿದ್ದು, ಜೆಟ್ ಮೇಲೆ 38 ಅಂತ ಕೊರೆದಿದ್ದರೆ ಅದರ ತೂತು 0.38 ಮಿಮೀ. ಎರಡು ತಿಂಗಳು ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ವಾರ್ನಿಷ್ ಆಗಿ ಅಷ್ಟು ಸಣ್ಣ ತೂತನ್ನು ಮುಚ್ಚಲು ಏನು ಮಹಾ ಹೊತ್ತು ಬೇಕು? ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ತೆಗೆದು ಜೆಟ್ ಬಿಚ್ಚಿ, ಒಂದು ಕಣ್ಣು ಮುಚ್ಚಿ ಆಕಾಶಕ್ಕೆ ಹಿಡಿದು ನೋಡಿ. ದುಂಡಗಿನ ಬೆಳಕಿನ ಚುಕ್ಕೆ ಕಾಣಬೇಕು. ಅರ್ಧಚಂದ್ರ ಕಂಡರೆ ಕಟ್ಟಿದೆ. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆದು, ಕರೆಂಟ್ ವೈರಿನ ಒಳಗಿನ ಒಂದೇ ಎಳೆ ತಾಮ್ರ ತೂರಿಸಿ. ಸೂಜಿ, ಪಿನ್ನು, ಉಕ್ಕಿನ ತಂತಿ ಹಾಕಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಜೆಟ್ ಕೆಟ್ಟಂತೆ. ಮುಂದೆ ಒಂದು ತಿಂಗಳಿಗಿಂತ ಜಾಸ್ತಿ ಗಾಡಿ ನಿಲ್ಲಿಸುವುದಿದ್ದರೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಹೊರಗೆ ಬಿಡಿ. ಕೆಳಗೆ ಅದಕ್ಕಂತಲೇ ಒಂದು ಸ್ಕ್ರೂ ಇರುತ್ತದೆ.

ಮಿಕ್ಸ್ಚರ್ ಸ್ಕ್ರೂ ಬಗ್ಗೆ ಎಲ್ಲರಿಗೂ ಗೊಂದಲ. ಅದು ಎಲ್ಲಿದೆ ನೋಡಿ. ಇಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಸ್ಕ್ರೂ, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿ ಸ್ಕ್ರೂ, ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಜಾಸ್ತಿ. ಮೊದಲು ಅದು ಎಷ್ಟು ಸುತ್ತು ಹೊರಗಿತ್ತು ಅಂತ ಎಣಿಸಿ ಬರೆದಿಡಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಸುತ್ತಿನಂತೆ ಆಡಿಸುತ್ತಾ ಐಡ್ಲಿಂಗ್ ಎಲ್ಲಿ ಅತಿ ಜಾಸ್ತಿ ಏರುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ 1400 ಆರ್‌ಪಿಎಂ ಆಸುಪಾಸಿಗೆ ಇಳಿಸಿ. ಪೆಟ್ರೋಲ್ ಸ್ಕ್ರೂ ಮೂರು ಸುತ್ತು ಹೊರಗೆ ದಾಟಿದರೂ ಸರಿಹೋಗದಿದ್ದರೆ ಸ್ಲೋ ಜೆಟ್ ಒಂದು ನಂಬರ್ ದೊಡ್ಡದು ಬೇಕು.

ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್, ಮರೆಯಬೇಡಿ. ಹಿಂದಿನ ಮಾಲೀಕರು ಆರು ಸಾವಿರ ಕಿಲೋಮೀಟರಿನಲ್ಲಿ ಒಮ್ಮೆಯೂ ನೋಡಿರಲಿಕ್ಕಿಲ್ಲ. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ ಮೇಲೆಯೇ ಈ ಕೆಲಸ. ಪ್ಲಗ್ ಬಿಚ್ಚಿ, ಎಡಗಡೆಯ ಮುಚ್ಚಳ ತೆಗೆದು ಕ್ರ್ಯಾಂಕ್ ತಿರುಗಿಸಿ. ಇನ್‌ಲೆಟ್ ವಾಲ್ವ್ ಒಮ್ಮೆ ಕೆಳಗೆ ಹೋಗಿ ಮೇಲೆ ಬಂದ ನಂತರ ಬರುವ, ಫ್ಲೈವೀಲ್ ಮೇಲಿನ ಟಿ ಗುರುತಿಗೆ ನಿಲ್ಲಿಸಿ. ಆಗ ಎರಡೂ ರಾಕರ್ ಬೆರಳಿಗೆ ಚೂರು ಅಲ್ಲಾಡಬೇಕು. ಈ ವಂಶದ ಇಂಜಿನ್‌ಗಳಲ್ಲಿ ಗ್ಯಾಪ್ ಸಾಮಾನ್ಯವಾಗಿ 0.05ರಿಂದ 0.1 ಮಿಮೀ ಒಳಗೆ. ಮೂಲ ಸಿಜಿ125ಕ್ಕೆ 0.08. ನಿಮ್ಮ ಮ್ಯಾನುವಲ್‌ನಲ್ಲಿ ಇರುವುದನ್ನೇ ಹಿಡಿಯಿರಿ. ಗ್ಯಾಪ್ ಅಳೆಯುವ ತೆಳು ಲೋಹದ ಪಟ್ಟಿಯನ್ನು, ಅಂದರೆ ಫೀಲರ್ ಗೇಜನ್ನು, ಎಳೆದಾಗ ಬೆಣ್ಣೆಯ ಹಾಗೆ ಜಾರಲೂಬಾರದು, ಹಲ್ಲು ಕಚ್ಚಿ ಎಳೆಯಲೂಬಾರದು. ಹಳೆಯ ಪುಸ್ತಕದ ಒಂದು ಹಾಳೆಯನ್ನು ಇನ್ನೊಂದರ ಕೆಳಗಿಂದ ಎಳೆದ ಹಾಗಿರಬೇಕು. ಟಿಕ್ ಟಿಕ್ ಶಬ್ದ ಬರುತ್ತದೆ ಅಂತ ಗ್ಯಾಪೇ ಇಲ್ಲದಂತೆ ಬಿಗಿ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಸ್ವಲ್ಪ ಶಬ್ದ ಮಾಡುವ ಟ್ಯಾಪೆಟ್‌ನಿಂದ ಹೆಚ್ಚಾಗಿ ಕಿವಿಗೆ ಮಾತ್ರ ತೊಂದರೆ. ಸದ್ದಿಲ್ಲದ ಬಿಗಿ ಟ್ಯಾಪೆಟ್‌ನಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಐಡ್ಲಿಂಗ್ ನಿಲ್ಲದೆ ಇರುವುದು, ಇವಕ್ಕೂ ಎಷ್ಟೋ ಸಲ ಇದೇ ಕಾರಣ.

ಆಯಿಲ್ ಬಗ್ಗೆ ಎರಡೇ ಮಾತು. ಈ ಇಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಕಾಗದದ ಫಿಲ್ಟರ್ ಇಲ್ಲ. ಒಂದು ಜಾಲರಿ, ಒಂದು ತಿರುಗುವ ಬಟ್ಟಲು, ಅಷ್ಟೆ. ಒಟ್ಟು ಆಯಿಲ್ ಒಂದು ಲೀಟರ್ ಆಸುಪಾಸು. ಹಾಗಾಗಿ 1500ರಿಂದ 2000 ಕಿಲೋಮೀಟರಿಗೆ ಒಮ್ಮೆ ಬದಲಿಸಿ. ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಇರಲಿ. ಕಾರಿಗೆಂದು ಮಾಡಿದ ನುಣುಪು ಆಯಿಲ್ ಹಾಕಿದರೆ ಅದರಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳು ಜಾರಬಹುದು.

ಇಷ್ಟು ಮಾಡಿ ಒಂದು ಐನೂರು ಕಿಲೋಮೀಟರ್ ಓಡಿಸಿ. ಆಮೇಲೆ ಬಾಬರ್ ಮಾತು.

ಬಾಬರ್ ಅನ್ನುವ ಹೆಸರೇ ಕತ್ತರಿಸುವುದರಿಂದ ಬಂದದ್ದು. ಕುದುರೆಯ ಬಾಲ ಗಿಡ್ಡ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಬಾಬ್ ಅನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸಾಮಾನ್ಯ ರಸ್ತೆ ಬೈಕುಗಳ ರೇಸ್ ಶುರುವಾದಾಗ, ಮುಂದಿನ ಮಡ್‌ಗಾರ್ಡ್ ಕಿತ್ತು, ಹಿಂದಿನದ್ದನ್ನು ಗಿಡ್ಡ ಮಾಡಿ, ಬೇಡದ ಭಾರವನ್ನೆಲ್ಲ ಇಳಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಒಂದು ಶೈಲಿಯಾಯಿತು. ಚಾಪರ್ ಬಂದದ್ದು ಆಮೇಲೆ. ಅದರಲ್ಲಿ ಫ್ರೇಮಿಗೇ ಕೈ ಹಾಕಿ, ಫೋರ್ಕ್ ಉದ್ದ ಮಾಡಿ, ಮೈತುಂಬ ಕ್ರೋಮ್ ಹಚ್ಚಿದರು. ಬಾಬರ್‌ನಲ್ಲಿ ಫ್ರೇಮ್ ಇದ್ದ ಹಾಗೇ ಇರುತ್ತದೆ. ತೆಗೆಯುವುದೇ ಅದರ ಕೆಲಸ.

ಸಣ್ಣ ಇಂಜಿನ್‌ಗೆ ಇದು ಹೇಳಿ ಮಾಡಿಸಿದ್ದು. ನಿಮ್ಮ ಇಂಜಿನ್ ಕೊಡುವುದು 14ರಿಂದ 18 ಹಾರ್ಸ್ ಪವರ್ ಅಂತಿಟ್ಟುಕೊಳ್ಳಿ. ಗಾಡಿ 150 ಕಿಲೋ, ನೀವು 70 ಕಿಲೋ, ಒಟ್ಟು 220. ಅದರಲ್ಲಿ 10 ಕಿಲೋ ಇಳಿಸಿದರೆ ಶೇಕಡಾ 4.5ರಷ್ಟು ಹಗುರ. ಪಿಕಪ್, ಬ್ರೇಕು, ತಿರುವು, ಮೂರಕ್ಕೂ ಲಾಭ. ಬಿಗ್ ಬೋರ್ ಕಿಟ್ ಬ್ರೇಕಿಗೆ ಏನೂ ಸಹಾಯ ಮಾಡುವುದಿಲ್ಲ, ಅಲ್ವಾ? ಅದನ್ನು ಹಾಕಿದರೆ ಸಿಲಿಂಡರ್ ಗೋಡೆ ತೆಳುವಾಗುತ್ತದೆ, ಬಿಸಿ ಜಾಸ್ತಿ, ನಡುಕ ಜಾಸ್ತಿ. ಈ ಇಂಜಿನ್ 125ರಿಂದಲೇ ಹಿಗ್ಗಿಸಿ ಇಷ್ಟಾಗಿರುವುದು. ಇನ್ನೂ ಹಿಗ್ಗಿಸುವುದು ನನ್ನ ಪ್ರಕಾರ ದಂಡ.

ಹೈವೇಯಲ್ಲಿ ಇಂಜಿನ್ ಕಿರುಚಾಡುತ್ತದೆ ಅನ್ನುವುದು ನಿಮ್ಮ ದೂರಾದರೆ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲುಚಕ್ರ, ಬದಲಿಸಿ. ಮುಂದೆ 15, ಹಿಂದೆ 42 ಹಲ್ಲು ಇದೆ ಅಂತಿಟ್ಟುಕೊಳ್ಳೋಣ. ಅನುಪಾತ 2.8. ಮುಂದಿನದ್ದನ್ನು 16 ಮಾಡಿದರೆ 2.625. ಮೊದಲು 6000 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೆ ಈಗ 5625 ಸಾಕು. ನಡುಕವೂ ಇಳಿಯುತ್ತದೆ. ಬದಲಿಗೆ ಏರು ರಸ್ತೆಯಲ್ಲಿ ಒಂದು ಗೇರ್ ಇಳಿಸಬೇಕಾಗುತ್ತದೆ. ದೊಡ್ಡ ಸ್ಪ್ರಾಕೆಟ್ ಹಾಕಿದ ಮೇಲೆ ಚೈನ್ ಕವರಿಗೆ ಉಜ್ಜುತ್ತದಾ ಅಂತ ಕೈಯಲ್ಲಿ ಚಕ್ರ ತಿರುಗಿಸಿ ನೋಡಿ. ಚೈನ್ ತರುವಾಗ ನಂಬರ್ ನೋಡಿ. 428ರ ಮೊದಲ 4 ಅಂದರೆ ಎಂಟನೇ ನಾಲ್ಕು ಇಂಚು, ಅಂದರೆ 12.7 ಮಿಮೀ ಅಂತರ. 520ರಲ್ಲಿ ಎಂಟನೇ ಐದು. ಒಂದರ ಸ್ಪ್ರಾಕೆಟ್ ಇನ್ನೊಂದರ ಚೈನಿಗೆ ಆಗುವುದೇ ಇಲ್ಲ.

ಪಾಡ್ ಫಿಲ್ಟರ್ ನನಗೆ ಇಷ್ಟವಿಲ್ಲ, ನೇರವಾಗಿ ಹೇಳುತ್ತೇನೆ. ಅದನ್ನು ಹಾಕಲು ಕಿತ್ತುಹಾಕುವ ಏರ್ ಬಾಕ್ಸ್ ಅಂದರೆ ಬರೀ ಡಬ್ಬಿಯಲ್ಲ. ಒಳಗಿನ ಗಾಳಿ ಅಲುಗಾಡದಂತೆ ಹಿಡಿದಿಟ್ಟು ಕಾರ್ಬುರೇಟರ್‌ಗೆ ಕೊಡುವ ಕೆಲಸ ಅದರದ್ದು. ಅದರಲ್ಲೂ ನಿಮ್ಮದು ಗಾಳಿಯ ಎಳೆತದಿಂದ ಸ್ಲೈಡ್ ಏಳುವ ಸಿವಿ ಕಾರ್ಬುರೇಟರ್ ಆಗಿದ್ದರೆ, ಪಾಡ್ ಹಾಕಿದ ಮೇಲೆ ಅಕ್ಕಪಕ್ಕದ ಗಾಳಿಗೂ ಮುನಿಸಿಕೊಳ್ಳುತ್ತದೆ. ಮಳೆಯಲ್ಲಿ ನೀರು ಕುಡಿಯುತ್ತದೆ. ಜೆಟ್‌ಗಳನ್ನು ಮತ್ತೆ ಹೊಂದಿಸಬೇಕು. ಇಷ್ಟೆಲ್ಲ ಮಾಡಿ ಸಿಗುವುದು ಜಾಸ್ತಿ ಶಬ್ದ. ಗಿಡ್ಡ ಸೈಲೆನ್ಸರ್ ಹಾಕಲೇಬೇಕು ಅನಿಸಿದರೆ ಹಾಕಿ, ಆದರೆ ಒಳಗೆ ಶಬ್ದ ತಡೆಯುವ ಬ್ಯಾಫಲ್ ಇರುವಂಥದ್ದು. ನಿಮ್ಮ ಕಡೆಯ ಶಬ್ದದ ನಿಯಮ ನೋಡಿಕೊಳ್ಳಿ. ಹಾಕಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತೆಳು ಕಂದು ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಮೇನ್ ಜೆಟ್ ಒಂದು ನಂಬರ್ ಏರಿಸಿ. ಪೈಪಿಗೆ ಸುತ್ತುವ ಬಟ್ಟೆ ಪಟ್ಟಿ ಚೆಂದ ಕಾಣುತ್ತದೆ ನಿಜ. ಒಳಗೆ ನೀರು ಹಿಡಿದಿಟ್ಟುಕೊಂಡು ಅಗ್ಗದ ಪೈಪನ್ನು ತುಕ್ಕು ತಿನ್ನಿಸುತ್ತದೆ.

ಮಡ್‌ಗಾರ್ಡ್ ಕತ್ತರಿಸುವ ಕೆಲಸಕ್ಕೆ ಬಂದೆವು. ಇಲ್ಲಿ ನನ್ನದೇ ಕಥೆ ಇದೆ. ಎಷ್ಟೋ ವರ್ಷಗಳ ಹಿಂದೆ ಒಂದು 200 ಸಿಸಿ ಗಾಡಿಯ ಮಡ್‌ಗಾರ್ಡ್ ಕತ್ತರಿಸಿ, ಟೈರಿಗೆ ಹತ್ತಿರ ಇಳಿಸಿ ಕೂರಿಸಿದೆ. ನಿಂತ ಗಾಡಿಯಲ್ಲಿ ಎರಡು ಬೆರಳು ಅಂತರ ಇತ್ತು. ಏನು ಚೆಂದ ಅಂತೀರಿ! ಒಂದು ರಾತ್ರಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಟೆ. ಒಂದು ಹಂಪ್ ಹಾರಿದ ಕೂಡಲೇ ಹಿಂದಿನಿಂದ ಸುಟ್ಟ ರಬ್ಬರ್ ವಾಸನೆ. ಮರುಕ್ಷಣ ಲೈಟು, ಇಂಜಿನ್ ಎಲ್ಲ ಬಂದ್. ಟೈರು ಮೇಲೆ ಬಂದು ಮಡ್‌ಗಾರ್ಡ್ ಒಳಗೆ ಅಂಟಿಸಿದ್ದ ಟೈಲ್ ಲೈಟ್ ವೈರನ್ನು ಸವೆದು, ತಾಮ್ರ ಫ್ರೇಮಿಗೆ ತಾಗಿ, ಇದ್ದ ಒಂದೇ ಫ್ಯೂಸ್ ಹೋಗಿತ್ತು. ಕತ್ತಲೆಯಲ್ಲಿ ಕೈಯಲ್ಲಿ ತಡಕಾಡಿ ಆ ವೈರನ್ನೇ ಕಿತ್ತುಹಾಕಿ, ಡಬ್ಬಿಯಲ್ಲಿದ್ದ ಬದಲಿ ಫ್ಯೂಸ್ ಹಾಕಿ, ಹಿಂದೆ ಕೂತವರ ಕೈಗೆ ಟಾರ್ಚ್ ಕೊಟ್ಟು ಮನೆ ಸೇರಿದೆವು.

ಆದ್ದರಿಂದ ಹೀಗೆ ಮಾಡಿ. ಗಾಡಿಯನ್ನು ಗಟ್ಟಿಯಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿ. ಶಾಕಿನ ಎರಡು ತೂತುಗಳ ನಡುವಿನ ಅಳತೆ ಉದಾಹರಣೆಗೆ 290 ಮಿಮೀ, ಹೊರಗೆ ಕಾಣುವ ರಾಡ್ 70 ಮಿಮೀ ಇದ್ದರೆ, ಪೂರ್ತಿ ಕುಗ್ಗಿದಾಗ 220. ಚಕ್ರವನ್ನು ಎತ್ತಿ, ಶಾಕ್ ಕೂರುವ ಎರಡು ಬೋಲ್ಟುಗಳ ನಡುವೆ ಸರಿಯಾಗಿ 220 ಬರುವ ಹಾಗೆ ಒಂದು ಮರದ ತುಂಡು ಕೊಟ್ಟು ನಿಲ್ಲಿಸಿ. ಈಗ ಟೈರಿಗೂ ಮಡ್‌ಗಾರ್ಡ್‌ಗೂ ನಡುವೆ ಕಡೇಪಕ್ಷ 20 ಮಿಮೀ ಇರಬೇಕು. ಬೋಲ್ಟುಗಳ ತುದಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೋಲ್ಟಿನ ತಲೆ ಒಳಗೆ, ನಟ್ಟು ಹೊರಗೆ ಇರಲಿ. ಕತ್ತರಿಸುವ ಗೆರೆಗೆ ಟೇಪ್ ಅಂಟಿಸಿ, ಬೇಕಾದ್ದಕ್ಕಿಂತ ಎರಡು ಇಂಚು ಉದ್ದ ಬಿಟ್ಟು ಮೊದಲ ಸಲ ಕತ್ತರಿಸಿ. ದೂರ ನಿಂತು ನೋಡಿ. ಬೇಕಾದರೆ ಮತ್ತೆ ಕತ್ತರಿಸಬಹುದು, ಅಂಟಿಸುವುದು ಕಷ್ಟ. ಕತ್ತರಿಸುವ ಮೊದಲು ಆ ಮಡ್‌ಗಾರ್ಡ್ ಯಾವ ಯಾವ ಭಾರ ಹೊತ್ತಿದೆ ಅಂತಲೂ ನೋಡಿ. ಕೆಲವು ಗಾಡಿಗಳಲ್ಲಿ ಸೀಟಿನ ಹಿಂಭಾಗ ಕೂರುವುದೇ ಅದರ ಮೇಲೆ.

ತಗ್ಗಿಸುವುದಾದರೆ ಒಂದು ಇಂಚಿಗಿಂತ ಜಾಸ್ತಿ ಬೇಡ. ಹಿಂದೆ ಮಾತ್ರ ತಗ್ಗಿಸಿದರೆ ಮುಂದಿನ ಫೋರ್ಕ್ ಇನ್ನಷ್ಟು ಹಿಂದಕ್ಕೆ ವಾಲುತ್ತದೆ, ಹ್ಯಾಂಡಲ್ ಸೋಮಾರಿಯಾಗುತ್ತದೆ. ತಿರುವಿನಲ್ಲಿ ಫುಟ್‌ರೆಸ್ಟ್ ಬೇಗ ನೆಲ ಮುಟ್ಟುತ್ತದೆ. ಸೈಡ್ ಸ್ಟ್ಯಾಂಡ್ ಈಗ ಉದ್ದವಾದಂತಾಗಿ ಗಾಡಿ ನೆಟ್ಟಗೆ ನಿಂತು ಗಾಳಿಗೇ ಉರುಳಬಹುದು. ಚೈನ್ ಟೈಟನ್ನು ನೀವು ಸೀಟಿನ ಮೇಲೆ ಕೂತಾಗ ಇನ್ನೊಬ್ಬರ ಕೈಯಲ್ಲಿ ನೋಡಿಸಿ. ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿಯೂ 20ರಿಂದ 30 ಮಿಮೀ ಆಡಬೇಕು. ಶಾಕೇ ಇಲ್ಲದ ಹಾರ್ಡ್‌ಟೇಲ್ ಮಾಡಲು ಫ್ರೇಮ್ ಕತ್ತರಿಸುವ ಯೋಚನೆ ಮಾತ್ರ ಬೇಡವೇ ಬೇಡ. ಅದು ವೆಲ್ಡಿಂಗ್ ಬಲ್ಲವರ, ಲೆಕ್ಕ ಬಲ್ಲವರ ಕೆಲಸ.

ಇನ್ನು ತೆಗೆಯಲೇಬಾರದ ಸಾಮಾನು. ಹಳೆಯ ಬಾಬರ್‌ಗಳ ಫೋಟೋ ನೋಡಿ ಮುಂದಿನ ಬ್ರೇಕ್ ಕಿತ್ತವರನ್ನು ಕಂಡಿದ್ದೇನೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ, ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನದ್ದೇ. ಕನ್ನಡಿ, ಇಂಡಿಕೇಟರ್ ಬೇಕಾದರೆ ಚಿಕ್ಕದು ಹಾಕಿ, ತೆಗೆಯಬೇಡಿ. ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ಪಟಪಟ ಅಂತ ಅವಸರದಲ್ಲಿ ಮಿನುಗಿದರೆ ಗಾಬರಿಯಾಗಬೇಡಿ, ಫ್ಲಾಶರ್ ಎಲೆಕ್ಟ್ರಾನಿಕ್ ಥರದ್ದು ಹಾಕಿದರೆ ಸರಿಹೋಗುತ್ತದೆ. ಬ್ಯಾಟರಿಯನ್ನು ಸೀಟಿನ ಕೆಳಗೆ ಅಡಗಿಸುವುದಾದರೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ವೈರ್ ಮುಗಿಸಿದ ಮೇಲೆ ಮೀಟರ್ ಹಿಡಿದು ನೋಡಿ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ರೇಸ್ ಮಾಡಿದಾಗ 13.5ರಿಂದ 14.5. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುವ ಮೊದಲು ಬದಲಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಕೊರೆತಗಳು ಎಷ್ಟೇ ಆಳವಿರಲಿ, ನಿಮ್ಮದು ಅಷ್ಟು ಹಳೆಯದಾಗಿ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಂದಿದ್ದರೆ, ಉಳಿದೆಲ್ಲ ಖರ್ಚಿಗಿಂತ ಮೊದಲು ಟೈರು ಹಾಕಿಸಿ. ಚಕ್ರದ ಬೇರಿಂಗನ್ನೂ ಅದೇ ಸಮಯಕ್ಕೆ ಬೆರಳಲ್ಲಿ ತಿರುಗಿಸಿ ನೋಡಿ. ಮರಳು ಸಿಕ್ಕ ಹಾಗೆ ಕರಕರ ಅಂದರೆ ಬದಲಿಸಿ. ನಂಬರ್ ಅದರ ಮೇಲೆಯೇ ಇರುತ್ತದೆ, 6202 ಅಥವಾ 6301 ಅಂಥದ್ದು. ಗಾಡಿಯ ಹೆಸರು ಹೇಳಬೇಕಾಗಿಯೇ ಇಲ್ಲ, ಆ ನಂಬರ್ ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ತನ್ನಿ.

ಕೊನೆಗೆ ಮಡ್‌ಗಾರ್ಡ್ ಬಗ್ಗೆ ಒಂದು ಉಪಾಯ. ಗಾಡಿಯ ಜೊತೆ ಬಂದದ್ದನ್ನು ಕತ್ತರಿಸಬೇಡಿ. ಬಿಚ್ಚಿ, ಒರೆಸಿ, ಗೋಡೆಗೆ ತೂಗುಹಾಕಿ. ಕತ್ತರಿಸಲು ಬೇರೊಂದು ಹಳೆಯ ಮಡ್‌ಗಾರ್ಡ್ ತನ್ನಿ. ಮುಂದೆ ಯಾವಾಗಲಾದರೂ ಗಾಡಿ ಮಾರುವ ದಿನ ಬಂದರೆ, ಕೊಳ್ಳುವವರು ಮೊದಲು ಕೇಳುವುದೇ ಒರಿಜಿನಲ್ ಸಾಮಾನು ಇದೆಯಾ ಅಂತ.